ಒಣಗಣ್ಣಿನ ಕಣ್ಣೀರು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವರ್ಷವರ್ಷವೂ ಈ ವೇದಿಕೆಯ ಮೇಲೆ ನಿಂತು ಪಂಪ, ಕುಮಾರವ್ಯಾಸ, ಪಾರ್ತಿಸುಬ್ಬ ಇವರನ್ನು ಕುರಿತು ಮಾತನಾಡುತ್ತ ಬಂದಿರುವ ನಾವು ಈ ಸಲ ಕಣ್ಣಿನ ರೋಗವೊಂದನ್ನು ಕುರಿತು ನಾಲ್ಕು ಮಾತು ಹೇಳುವೆವೆಂದಾಗ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. ಕನ್ನಡ ಪಂಡಿತನಿಗೆ ವೈದ್ಯಶಾಸ್ತ್ರದಲ್ಲಿ ಏನು ಅಧಿಕಾರವೆಂದು ಅವರು ಬಾಯಿಬಿಟ್ಟು ಕೇಳಲಿಲ್ಲ; ಅದು ಅವರ ಸೌಜನ್ಯ. ಅಧಿಕಾರವು ನಮಗೆ ಇಲ್ಲವೇ ಇಲ್ಲ. ಇಲ್ಲಿ ಹೇಳತಕ್ಕುದೆಲ್ಲವೂ ಕಣ್ಣಿನ ವೈದ್ಯರಿಂದ ಕೇಳಿದ್ದು, ಓದಿ ತಿಳಿದದ್ದು, ಮತ್ತು ನಮ್ಮ ಮನೆಯಲ್ಲಿಯೇ ತಪ್ಪು ಮಾಡಿ ಕಲಿತದ್ದು. ಈ ಮೂರನೆಯದೇ ನಮ್ಮನ್ನು ಇಂದು ಮಾತನಾಡಿಸುತ್ತಿದೆ.

ನಮ್ಮ ತಂದೆಯವರು ತೀರಿಕೊಂಡ ವರ್ಷದ ಮಾತು. ತಾಯಿಯವರ ಕಣ್ಣಿನಲ್ಲಿ ಹಗಲೆಲ್ಲ ನೀರು. ಅಡಿಗೆಮನೆಯ ಹೊಗೆಯಲ್ಲಿ ನೀರು, ಅಂಗಳದಲ್ಲಿ ಅಡಕೆ ಹರವುವಾಗ ನೀರು. ಗಾಳಿ ಬೀಸಿತೆಂದರೆ ಸೆರಗಿನ ತುದಿ ಕೆನ್ನೆಯಿಂದ ಕೆಳಗಿಳಿಯುತ್ತಿರಲಿಲ್ಲ. ಬಂದವರೆಲ್ಲರೂ “ಅಕ್ಕ, ಎಷ್ಟೆಂದು ಅಳುವುದು? ಸಮಾಧಾನ ಮಾಡಿಕೊಳ್ಳಿ” ಎಂದು ಹೇಳಿ ಹೋದರು. ನಾವೂ ಹಾಗೆಯೇ ಎಣಿಸಿದ್ದೆವು. ಒಂದು ಸಂಜೆ ಅವರೇ, “ಮಗಾ, ನಾನು ಅಳುವುದಲ್ಲ. ಕಣ್ಣಿಗೆ ಹೊಯ್ಗೆ ಬಿದ್ದ ಹಾಗೆ ಆಗುತ್ತದೆ, ಆಮೇಲೆ ನೀರು ಬರುತ್ತದೆ” ಎಂದರು. ವರ್ಷ ಕಳೆಯುವಷ್ಟರಲ್ಲಿ ಆ ನೀರೂ ನಿಂತಿತು. ಉರಿ ಮಾತ್ರ ಉಳಿಯಿತು. ನೆಂಟರು, “ಪಾಪ, ಈಗ ದುಃಖ ಸ್ವಲ್ಪ ಇಳಿದಿದೆ” ಎಂದರು. ನೀರು ಹರಿದದ್ದೂ ನಿಂತದ್ದೂ ಒಂದೇ ರೋಗದ ಎರಡು ಮೆಟ್ಟಿಲುಗಳೆಂಬುದು ಯಾರಿಗೂ ಹೊಳೆಯಲಿಲ್ಲ.

ವೈದ್ಯರು ಇದನ್ನು ಕಣ್ಣು ಒಣಗುವ ರೋಗವೆನ್ನುತ್ತಾರೆ. ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬೇಕಾದರೆ ‘ಒಣಗಣ್ಣು’ ಎನ್ನಬಹುದು; ಮಳೆ ಮತ್ತು ಕಾಲ ಸೇರಿ ಮಳೆಗಾಲವಾದ ಹಾಗೆ, ಒಣ ಮತ್ತು ಕಣ್ಣು ಸೇರಿ ಒಣಗಣ್ಣು. (ಹಿಂದಿನ ಸಾಲಿನಲ್ಲಿರುವ ಎಂಟನೆಯ ತರಗತಿಯವರು ಇದು ಯಾವ ಸಂಧಿಯೆಂದು ನಾಳೆ ಹೇಳತಕ್ಕದ್ದು.) ರೋಗವೇನೂ ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಕಣ್ಣಿನ ರೋಗಗಳನ್ನು 76 ಎಂದು ಎಣಿಸಿರುವರಷ್ಟೆ. ಅವುಗಳಲ್ಲಿ ‘ಶುಷ್ಕಾಕ್ಷಿಪಾಕ’ ಎಂಬುದೊಂದುಂಟು. ರೆಪ್ಪೆ ಗಡುಸಾಗಿ ಒರಟಾಗುವುದು, ನೋಟ ಕದಡುವುದು, ಕಣ್ಣು ತೆರೆಯುವುದೇ ಕಷ್ಟವಾಗುವುದು ಎಂದು ಅದರ ಲಕ್ಷಣ. ಬೆಳಗ್ಗೆ ಎದ್ದೊಡನೆ ನಮ್ಮ ತಾಯಿಯವರು ಪಡುತ್ತಿದ್ದ ಪಾಡು ಇದೇ.

ಕಣ್ಣೀರೆಂದರೆ ದುಃಖ ಬಂದಾಗ ಹರಿಯುವ ಉಪ್ಪುನೀರು ಎಂದು ಕಾವ್ಯ ಓದುವ ನಾವು ತಿಳಿದಿರುತ್ತೇವೆ. ಅದು ಕಣ್ಣೀರಿನ ವಿಶೇಷ ಸಂದರ್ಭ ಮಾತ್ರ. ನಿತ್ಯದ ಕಣ್ಣೀರು ಯಾರಿಗೂ ಕಾಣದು. ಒಂದು ಮಿಲಿಮೀಟರಿನ ಸುಮಾರು ಮುನ್ನೂರರಲ್ಲೊಂದು ಪಾಲಿನಷ್ಟು ತೆಳುವಾದ ಪೊರೆಯಾಗಿ ಅದು ಕಣ್ಣಿನ ಮೇಲೆ ಸದಾ ಹರಡಿಕೊಂಡಿರುತ್ತದೆ. ನೋಟ ನಿಚ್ಚಳವಾಗಿರುವುದೂ, ಕಣ್ಣಿಗೆ ಸೋಂಕು ತಗಲದಿರುವುದೂ ಅದರಿಂದಲೇ. ಆ ಪೊರೆಯಲ್ಲಿ ಮೂರು ದ್ರವ್ಯಗಳುಂಟು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಉರುಳಿಹೋಗುವುದನ್ನು ತಾವೆಲ್ಲರೂ ಕಂಡಿದ್ದೀರಿ. ಕಣ್ಣಿನ ಮೇಲೆ ಹಾಗಾಗದಂತೆ ನೀರನ್ನು ಹಿಡಿದು ನಿಲ್ಲಿಸುವ ಲೋಳೆಯೊಂದು. ಹುಬ್ಬಿನ ಹೊರಮೂಲೆಯ ಕೆಳಗಿರುವ ಗ್ರಂಥಿಯಿಂದ ಬರುವ ನೀರೊಂದು. ಎಲ್ಲಕ್ಕೂ ಮೇಲೆ, ಉಪ್ಪಿನಕಾಯಿಯ ಭರಣಿಯಲ್ಲಿ ಎಣ್ಣೆ ನಿಂತಂತೆ, ನೀರು ಆರಿಹೋಗದ ಹಾಗೆ ಕಾಯುವ ಎಣ್ಣೆಯ ಜಿಡ್ಡೊಂದು. ಈ ಎಣ್ಣೆಯನ್ನು ಒಸರುವ ಸಣ್ಣ ಗ್ರಂಥಿಗಳು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವುದನ್ನು ಮೈಬೋಮ್ ಎಂಬ ಜರ್ಮನ್ ವೈದ್ಯನು 1666ರಲ್ಲಿ ವರ್ಣಿಸಿದನು. ಇಂದಿಗೂ ಅವು ಅವನ ಹೆಸರಿನಿಂದಲೇ ಕರೆಯಲ್ಪಡುತ್ತವೆ. ಒಣಗಣ್ಣಿನವರಲ್ಲಿ ಬಹುಮಂದಿಗೆ ಕೊರತೆಯಿರುವುದು ನೀರಿನದ್ದಲ್ಲ, ಈ ಎಣ್ಣೆಯದ್ದು. ಗ್ರಂಥಿಯ ಬಾಯಿ ಕಟ್ಟಿ ಎಣ್ಣೆ ಹೆಪ್ಪುಗಟ್ಟಿದರೆ ನೀರು ಇದ್ದೂ ಆರಿಹೋಗುವುದು.

ಹಾಗಾದರೆ ಒಣಗಿದ ಕಣ್ಣಿನಲ್ಲಿ ನೀರು ಸುರಿಯುವುದೇಕೆ? ನಮ್ಮ ನಾಡಿನವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಜೂನಿನಲ್ಲಿ ಇಲ್ಲಿ ಮಳೆ ಸುರಿಯುವ ಬಗೆ ಗೊತ್ತಷ್ಟೆ. ಆ ನೀರೆಲ್ಲ ಮುರಕಲ್ಲಿನ ಗುಡ್ಡದಿಂದ ಜಾರಿ, ತೋಡು ತುಂಬಿ, ಎರಡು ದಿನದಲ್ಲಿ ಕಡಲು ಸೇರುತ್ತದೆ. ಏಪ್ರಿಲಿನಲ್ಲಿ ಮನೆಯ ಬಾಯಾರಿಕೆಯನ್ನು ಕಳೆಯುವುದು ಆ ನೆರೆಯಲ್ಲ. ಅಜ್ಜಂದಿರು ಗುಡ್ಡವನ್ನು ಕೊರೆದು ಮಾಡಿದ ಸುರಂಗದಿಂದ ಎಡೆಬಿಡದೆ ಜಿನುಗುವ ಬೆರಳುಗಾತ್ರದ ನೀರು. ಕಣ್ಣಿನ ನಿತ್ಯದ ಪೊರೆಯು ಆ ಸುರಂಗದ ನೀರು. ಅದು ಕುಂದಿ ಕಣ್ಣು ಕೆರಳಿತೆಂದರೆ ನರಗಳು ಗ್ರಂಥಿಗೆ ಕೂಗಿ ಹೇಳುತ್ತವೆ. ಗ್ರಂಥಿಯು ನೆರೆಯನ್ನೇ ಬಿಡುತ್ತದೆ. ನೆರೆಯ ನೀರಿಗೆ ಎಣ್ಣೆಯೂ ಲೋಳೆಯೂ ಸಾಲವು. ಕೆನ್ನೆಯ ಮೇಲೆ ಹರಿದುಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ಗ್ರಂಥಿಯೇ ಬಾಡಿದ ಮೇಲೆ ನೆರೆಯೂ ಬಾರದು.

ಇದಕ್ಕೆ ಕಾರಣಗಳು ಹಲವು. ವಯಸ್ಸು ಒಂದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚು. ಸಿಹಿಮೂತ್ರ ರೋಗದವರಲ್ಲಿ, ಗಂಟುವಾತದವರಲ್ಲಿ ಉಂಟು. ನೆಗಡಿ, ತುರಿಕೆ, ಅಲರ್ಜಿಗಳಿಗೆ ನುಂಗುವ ಕೆಲವು ಮಾತ್ರೆಗಳು ಮೂಗನ್ನು ಒಣಗಿಸುವಂತೆ ಕಣ್ಣನ್ನೂ ಒಣಗಿಸುತ್ತವೆ; ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಔಷಧಗಳೂ ಹಾಗೆಯೇ. ಅಡಿಗೆಮನೆಯ ಹೊಗೆ, ತಲೆಯ ಮೇಲೆ ತಿರುಗುವ ಫ್ಯಾನು ಇವು ಸಹಾಯ ಮಾಡುತ್ತವೆ. ಗಲ್ಫ್ ದೇಶಗಳಿಗೆ ಮಕ್ಕಳನ್ನು ಕಳುಹಿಸಿದ ಮನೆ ನಮ್ಮಲ್ಲಿ ಬೀದಿಗೆ ನಾಲ್ಕಾದರೂ ಉಂಟು; ಹೊರಗೆ ಮರಳುಗಾಡಿನ ಧೂಳು, ಒಳಗೆ ಹನ್ನೆರಡು ತಾಸಿನ ಎ.ಸಿ. ಗಾಳಿ, ಇವೆರಡೂ ಕಣ್ಣಿಗೆ ಆಗುವುದಿಲ್ಲ. ಇನ್ನು ಕಣ್ಣು ಮಿಟುಕಿಸುವ ವಿಷಯ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹದಿನೈದು ಸಲವಾದರೂ ಮಿಟುಕಿಸುತ್ತೇವೆ. ಮಿಟುಕಿಸಿದಾಗಲೆಲ್ಲ ಪೊರೆ ಹೊಸದಾಗಿ ಹರಡುತ್ತದೆ. ಮೊಬೈಲಿನ ಮುಂದೆಯೋ ಗಣಕಯಂತ್ರದ ಮುಂದೆಯೋ ಕುಳಿತವನಲ್ಲಿ ಇದು ಅರ್ಧಕ್ಕೂ ಕಡಿಮೆಯಾಗುವುದುಂಟು. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕನ ಕಣ್ಣೂ ಹಾಗೆಯೇ ನೆಟ್ಟಿರುತ್ತದೆಂದು ನಾವು ಅನುಭವದಿಂದ ಬಲ್ಲೆವು.

ಎ ಜೀವಸತ್ವದ ಕೊರತೆಯಿಂದ ಮಕ್ಕಳ ಕಣ್ಣು ಒಣಗುವುದು ಬೇರೆಯೇ ಬಗೆ. ಮುಚ್ಚಂಜೆಯಾದೊಡನೆ ಮಗು ತಡವರಿಸಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅದು ಕಣ್ಣನ್ನೇ ತೆಗೆದುಬಿಡಬಲ್ಲದು. ನಮ್ಮ ದೇಶದಲ್ಲಿ ಅದನ್ನು ತಡೆಯುವ ಯೋಜನೆ 1970ರಲ್ಲಿಯೇ ಆರಂಭವಾಯಿತು.

ಈಗ ನಮ್ಮ ತಪ್ಪಿನ ಕಥೆ. ಒಂದು ಬೇಸಗೆಯಲ್ಲಿ ಉತ್ತರಪತ್ರಿಕೆ ತಿದ್ದಿ ಬಂದ ನಮ್ಮ ಕಣ್ಣು ಕೆಂಪಾಗಿತ್ತು. ವೈದ್ಯರೊಬ್ಬರು ಒಂದು ವಾರಕ್ಕೆಂದು ಹನಿಮದ್ದು ಬರೆದುಕೊಟ್ಟರು. ಎರಡೇ ದಿನದಲ್ಲಿ ಕಣ್ಣು ಬಿಳುಪಾಯಿತು. ಆ ಸೀಸೆಯಲ್ಲಿ ಉಳಿದದ್ದನ್ನು ತಾಯಿಯವರ ಕಣ್ಣಿಗೆ ಹಾಕಿದೆವು. ಅವರಿಗೂ ಹಾಯೆನಿಸಿತು. ಸೀಸೆ ಮುಗಿದಾಗ ಪೆಟ್ಟಿಗೆಯನ್ನು ತೋರಿಸಿದರೆ ಅಂಗಡಿಯವರು ಇನ್ನೊಂದನ್ನು ಕೊಟ್ಟರು. ಚೀಟಿ ಕೇಳಲಿಲ್ಲ, ನಾವೂ ಕೊಡಲಿಲ್ಲ. ಹೀಗೆ ಎಂಟು ತಿಂಗಳು. ಅದು ಸ್ಟೀರಾಯ್ಡ್ ಜಾತಿಯ ಮದ್ದು. ವೈದ್ಯರ ಕಣ್ಗಾವಲಿನಲ್ಲಿ ಕೆಲವು ದಿನ ಹಾಕಿದರೆ ಅದು ಅಮೃತ. ತಿಂಗಳುಗಟ್ಟಲೆ ಸುರಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡವನ್ನು ಏರಿಸಿ ನರವನ್ನು ಕೊಲ್ಲುತ್ತದೆ, ಕಣ್ಣಿನ ಪೊರೆಯನ್ನೂ ತರುತ್ತದೆ. ಒತ್ತಡ ಏರುವಾಗ ನೋವಾಗುವುದಿಲ್ಲ, ಕೆಂಪೂ ಆಗುವುದಿಲ್ಲ. ತಾಯಿಯವರು ಬಾಗಿಲಿನ ಎಡಚೌಕಟ್ಟಿಗೆ ಎರಡು ಮೂರು ಸಲ ಭುಜ ತಾಗಿಸಿಕೊಂಡಾಗ ಮಾತ್ರ ನಮಗೆ ಸಂಶಯ ಬಂತು. ಇಪ್ಪತ್ತೊಂದರೊಳಗೆ ಇರಬೇಕಾದ ಒತ್ತಡ ಎಡಗಣ್ಣಿನಲ್ಲಿ 34 ಇತ್ತು. ಮದ್ದು ನಿಲ್ಲಿಸಿ ಒತ್ತಡ ಇಳಿಯಿತು. ಆ ಬದಿಯ ಅಂಚಿನ ನೋಟ ಮಾತ್ರ ಮರಳಿ ಬರಲಿಲ್ಲ, ಬರುವುದೂ ಇಲ್ಲ. ಮಗನು ಪ್ರೀತಿಯಿಂದ ಹಾಕಿದ ಮದ್ದೆಂದು ಅವರು ಇಂದಿಗೂ ಒಂದು ಮಾತು ಆಡಿಲ್ಲ.

ಆ ದಿನ ಆಸ್ಪತ್ರೆಯಲ್ಲಿ ನಡೆದುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಈ ರೋಗವನ್ನು ಗುರುತಿಸುವುದು ಅರ್ಧ ಉಪಕರಣದಿಂದಾದರೆ ಅರ್ಧ ರೋಗಿಯ ಮಾತಿನಿಂದ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. ವೈದ್ಯರು ತೆಂಕಣ ಜಿಲ್ಲೆಯ ತರುಣರು, ಮಲಯಾಳ ಮತ್ತು ಇಂಗ್ಲಿಷ್ ಬಲ್ಲವರು. ತಾಯಿಯವರು “ಹೊಯ್ಗೆ, ಹೊಯ್ಗೆ” ಎನ್ನುತ್ತಾರೆ, ಅವರಿಗೆ ತಿಳಿಯದು. ಅಲ್ಲಿದ್ದ ನರ್ಸಮ್ಮ ಮಂಜೇಶ್ವರದ ಕಡೆಯವರಾದುದು ನಮ್ಮ ಪುಣ್ಯ. “ಡಾಕ್ಟ್ರೇ, ಮಣಲ್” ಎಂದರು. ವೈದ್ಯರ ಮುಖ ಬೆಳಗಿತು. ಮಲಯಾಳದ ಮಣಲ್ ನಮ್ಮ ಹಳಗನ್ನಡದ ಮಳಲ್‌ಗೆ ನೆಂಟ, ತುಳುವಿನ ಪೊಯ್ಯೆ ನಮ್ಮ ಹೊಯ್ಗೆಗೆ ನೆಂಟ. ಕಣ್ಣೀರು ಎಂಬ ಪದವಂತೂ ನಮಗೂ ಅವರಿಗೂ ಒಂದೇ. ನೆಂಟಸ್ತಿಕೆ ಇಷ್ಟಿದ್ದೂ 1956ರ ಬಳಿಕ ಆಸ್ಪತ್ರೆಯ ಬಾಗಿಲಲ್ಲಿ ನಮ್ಮ ಅಜ್ಜಿಯಂದಿರು ಮೂಕರಾಗಿ ನಿಲ್ಲುತ್ತಿದ್ದಾರೆ. ನರ್ಸಮ್ಮ ಮುಂದೆ ಕೇಳಿದರು: “ಅಜ್ಜಿ, ಅವಲಕ್ಕಿ ತಿನ್ನುವಾಗ ನೀರು ಕುಡಿಯದೆ ನುಂಗಲು ಆಗುತ್ತದೆಯೇ?” ಆಗುವುದಿಲ್ಲ. “ಬೆರಳಿನ ಗಂಟು ನೋಯುತ್ತದೆಯೇ?” ನೋಯುತ್ತದೆ. ಕಣ್ಣಿಗೂ ಬಾಯಿಗೂ ಗಂಟಿಗೂ ಸಂಬಂಧವಿದೆಯೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಅನಂತರ ಪರೀಕ್ಷೆಗಳು. ಹಳದಿ ಬಣ್ಣವೊಂದನ್ನು ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟು, ಕಣ್ಣು ಮಿಟುಕಿಸದೆ ಇರಹೇಳಿ, ಪೊರೆಯು ಎಷ್ಟು ಸೆಕೆಂಡಿಗೆ ಹರಿಯುವುದೆಂದು ಎಣಿಸಿದರು. ಹತ್ತಕ್ಕಿಂತ ಕಡಿಮೆಯಾದರೆ ಕುಂದು. ಬಳಿಕ 5 ಮಿಲಿಮೀಟರು ಅಗಲದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಶಿರ್ಮರ್ ಎಂಬ ಜರ್ಮನ್ ವೈದ್ಯನು 1903ರಲ್ಲಿ ಹೇಳಿಕೊಟ್ಟ ಈ ಸರಳ ಪರೀಕ್ಷೆಯನ್ನು ಇಂದಿಗೂ ಬಿಟ್ಟಿಲ್ಲ. ಪಟ್ಟಿಯು ಹತ್ತು ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಚಿಂತೆಯಿಲ್ಲ; ಐದಕ್ಕಿಂತ ಕಡಿಮೆಯಾದರೆ ನೀರಿನ ಬರ. ತಾಯಿಯವರದು ಮೂರು. ರಕ್ತಪರೀಕ್ಷೆಯೂ ಆಗಿ, ಶೋಗ್ರೆನ್ ಎಂಬ ಸ್ವೀಡನ್ ದೇಶದ ಕಣ್ಣಿನ ವೈದ್ಯನು 1933ರಲ್ಲಿ ವಿವರಿಸಿದ ರೋಗವೆಂದು ತಿಳಿಯಿತು. ದೇಹದ ಕಾವಲಿನ ಪಡೆಯೇ ಕಣ್ಣೀರಿನ, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವುದು ಅದರ ರೀತಿ. ಬಹುಪಾಲು ಹೆಂಗಸರನ್ನೇ ಹಿಡಿಯುತ್ತದೆ. ಒಣಗಣ್ಣಿನ ಎಲ್ಲರಿಗೂ ಇದು ಇರುವುದಿಲ್ಲ. ಬಾಯಿಯೂ ಒಣಗುತ್ತಿದ್ದರೆ ಮಾತ್ರ ಹೇಳಲು ಮರೆಯಬೇಡಿ.

ಚಿಕಿತ್ಸೆಯ ವಿಷಯದಲ್ಲಿ ಮೊದಲು ತಿಳಿಯಬೇಕಾದುದು, ಇದು ಒಂದು ಸೀಸೆಯಲ್ಲಿ ಮುಗಿಯುವ ರೋಗವಲ್ಲವೆಂಬುದು. ಹಲ್ಲುಜ್ಜುವಂತೆ ದಿನದಿನವೂ ನೋಡಿಕೊಳ್ಳಬೇಕು. ಎಣ್ಣೆ ಕಟ್ಟಿದವರು ಶುಭ್ರವಾದ ಬಟ್ಟೆಯನ್ನು ಹದವಾದ ಬಿಸಿನೀರಿನಲ್ಲಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದು ಹತ್ತು ನಿಮಿಷ ಇಟ್ಟು, ಆಮೇಲೆ ರೆಪ್ಪೆಯ ಅಂಚನ್ನು ಮೆಲ್ಲನೆ ಒತ್ತಿ ಒರಸತಕ್ಕದ್ದು. ಹೆಪ್ಪುಗಟ್ಟಿದ ತುಪ್ಪ ಬಿಸಿಗೆ ಕರಗುವ ಹಾಗೆ ಅದೂ ಕರಗುತ್ತದೆ. ಅಂಚಿನ ಒಳಗೆ ಕಾಡಿಗೆ ತೀಡುವುದನ್ನು ಬಿಡುವುದು ಒಳ್ಳೆಯದು. ಕೃತಕ ಕಣ್ಣೀರಿನ ಹನಿಗಳು ದೊರೆಯುತ್ತವೆ; ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾದವರು, ಕೆಡದಂತೆ ಬೆರೆಸುವ ರಾಸಾಯನಿಕವಿಲ್ಲದ, ಒಂದೊಂದು ದಿನಕ್ಕೆ ಒಡೆಯುವ ಸಣ್ಣ ಕೊಳವೆಯವನ್ನು ವೈದ್ಯರಲ್ಲಿ ಕೇಳಬೇಕು. ಅದಕ್ಕೂ ಬಗ್ಗದಿದ್ದರೆ ಸೈಕ್ಲೋಸ್ಪೋರಿನ್ ಎಂಬ ಹನಿಯುಂಟು. ಮೊದಮೊದಲು ಉರಿಯುತ್ತದೆ, ಗುಣ ತೋರಲು ತಿಂಗಳುಗಳು ಬೇಕು. ಎರಡು ವಾರಕ್ಕೇ ಬೇಸತ್ತು ಬಿಡುವವರೇ ಹೆಚ್ಚು. ಕಣ್ಣೀರು ಮೂಗಿಗೆ ಇಳಿಯುವ ಸೂಜಿಮೊನೆಯಷ್ಟು ರಂಧ್ರಗಳು ರೆಪ್ಪೆಯ ಮೂಲೆಯಲ್ಲಿವೆ. ಅವಕ್ಕೆ ಸಣ್ಣ ಬೆಣೆ ಇಟ್ಟು ಮುಚ್ಚುವ ಕ್ರಮವೂ ಉಂಟು. ಮಳೆಗಾಲ ಕಳೆದ ಮೇಲೆ ನಾವು ತೋಡಿಗೆ ಕಟ್ಟ ಹಾಕುವುದೂ ಇದೇ ಉಪಾಯ.

ಮನೆಮದ್ದಿನ ಬಗ್ಗೆ ಹಿರಿಯರು ಮುನಿಯಬಾರದು. ನಂದಿಬಟ್ಟಲ ಹೂವಿನ ನೀರು, ಹರಳೆಣ್ಣೆ, ಬಾಣಂತಿಯ ಹಾಲು ಇವೆಲ್ಲವನ್ನೂ ನಮ್ಮ ಮನೆಯಲ್ಲಿಯೂ ಹಾಕಿದ್ದುಂಟು. ಆದರೆ ಒಣಗಿ ಬಿರಿದ ಕಣ್ಣಿಗೆ ಶುದ್ಧಿಮಾಡದ ಯಾವುದನ್ನು ಬಿಟ್ಟರೂ ಸೋಂಕಿನ ಭಯ ತಪ್ಪಿದ್ದಲ್ಲ. ಬೂತಾಯಿ ತಿಂದರೆ ಕಣ್ಣು ತಂಪು ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ 500ಕ್ಕೂ ಮಿಕ್ಕ ರೋಗಿಗಳಿಗೆ ಒಂದು ವರ್ಷ ಕೆಲವರಿಗೆ ಮೀನೆಣ್ಣೆಯ ಗುಳಿಗೆಯನ್ನೂ ಕೆಲವರಿಗೆ ಆಲಿವ್ ಎಣ್ಣೆಯದನ್ನೂ ಕೊಟ್ಟು ನೋಡಿ, ಎರಡಕ್ಕೂ ಭೇದವಿಲ್ಲವೆಂದು 2018ರಲ್ಲಿ ಪ್ರಕಟಿಸಿದರು. ಬೂತಾಯಿಯನ್ನು ರುಚಿಗಾಗಿ ತಿನ್ನಲು ಅಡ್ಡಿಯಿಲ್ಲ. ಆದರೆ ಕಣ್ಣು ಸಿಡಿದು ನೋಯುವುದು, ಬೆಳಕನ್ನು ನೋಡಲಾಗದಿರುವುದು, ನೋಟ ತಟ್ಟನೆ ಮಂಜಾಗುವುದು ಇವು ಕಂಡರೆ ಮನೆಯಲ್ಲಿ ಕುಳಿತಿರತಕ್ಕದ್ದಲ್ಲ, ಅಂದೇ ಹೊರಡಬೇಕು.

ನಮ್ಮ ತಾಯಿಯವರು ಈಗ ಜೈಮಿನಿ ಭಾರತವನ್ನು ಎರಡು ಪದ್ಯ ಓದಿ, ಕಣ್ಣು ಮುಚ್ಚಿ, ಮತ್ತೆ ಎರಡು ಪದ್ಯ ಓದುತ್ತಾರೆ. ಪುಸ್ತಕವನ್ನು ಸ್ವಲ್ಪ ಬಲಕ್ಕೆ ಹಿಡಿದುಕೊಳ್ಳುತ್ತಾರೆ.

ಕಡೆಯದಾಗಿ ಒಂದು ವಿಜ್ಞಾಪನೆ. ಕಣ್ಣಿನ ವೈದ್ಯರ ಬಳಿಗೆ ಹೋಗುವವರು ಹೇಳಬೇಕಾದ ಮಾತುಗಳನ್ನು, ಹೊಯ್ಗೆಯೋ ಉರಿಯೋ ತುರಿಕೆಯೋ, ಬೆಳಗ್ಗೆಯೋ ಸಂಜೆಯೋ, ಬಾಯಿ ಒಣಗುವುದೋ ಇಲ್ಲವೋ, ಯಾವ ಮಾತ್ರೆ ನುಂಗುವರು, ಯಾವ ಹನಿ ಎಷ್ಟು ದಿನ ಹಾಕಿದರು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳವಾಗಿ ಬರೆದಿದ್ದೇವೆ. ಮಲಯಾಳದ ಭಾಗವನ್ನು ಶಾಲೆಯ ಮಲಯಾಳ ಅಧ್ಯಾಪಕರು ತಿದ್ದಿಕೊಟ್ಟಿದ್ದಾರೆ. ಹೊರಗೆ ಪುಸ್ತಕದ ಮೇಜಿನ ಮೇಲೆ ಇಟ್ಟಿದೆ, ಬೇಕಾದವರು ಕೊಂಡುಹೋಗಬಹುದು.