ಕರಿಕಲ್ಲಿನ ಗೋಡೆ, ಕಾಂಡ್ಲಾ ಕಾಡು: ವಿಯೆಟ್ನಾಂ ಯುದ್ಧದ ಪಾಠ



ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ನೆಲದೊಳಗೆ ಇಳಿಯುವಂತೆ ಕಟ್ಟಿದ ಒಂದು ಕರಿಕಲ್ಲಿನ ಗೋಡೆಯಿದೆ. ವಿಯೆಟ್ನಾಂ ಯುದ್ಧದಲ್ಲಿ ಮಡಿದ ಮತ್ತು ಕಾಣೆಯಾದ 58,000ಕ್ಕೂ ಹೆಚ್ಚು ಅಮೆರಿಕನ್ನರ ಹೆಸರುಗಳನ್ನು ಅದರ ಮೇಲೆ ಕೆತ್ತಲಾಗಿದೆ. 1982ರಲ್ಲಿ ಸಮರ್ಪಿತವಾದ ಈ ಸ್ಮಾರಕವನ್ನು ರೂಪಿಸಿದ ಮಾಯಾ ಲಿನ್, ವಿನ್ಯಾಸ ಆಯ್ಕೆಯಾದಾಗ 21 ವರ್ಷದ ವಿದ್ಯಾರ್ಥಿನಿ. ಕನ್ನಡಿಯಂತೆ ಹೊಳೆಯುವ ಆ ಕಲ್ಲು ಅಲ್ಲಿಗೆ ಹೋದದ್ದು ಬೆಂಗಳೂರಿನ ಕಡೆಯಿಂದ. ಹೆಸರು ಓದಲು ಬಾಗಿದವರಿಗೆ ತಮ್ಮ ಮುಖವೇ ಅದರಲ್ಲಿ ಕಾಣುತ್ತದೆ. ಆದರೆ ಅದು ಅಮೆರಿಕದ ಸೈನಿಕರ ಗೋಡೆ. ಅದೇ ಯುದ್ಧದಲ್ಲಿ ಸತ್ತ ವಿಯೆಟ್ನಾಮಿಗರ ಸಂಖ್ಯೆಯನ್ನು ಕೆಲವರು ಹತ್ತು ಲಕ್ಷವೆಂದೂ ಕೆಲವರು ಮೂವತ್ತು ಲಕ್ಷವೆಂದೂ ಅಂದಾಜು ಮಾಡುತ್ತಾರೆ. ಒಂದು ಕಡೆ ಪ್ರತಿಯೊಬ್ಬನಿಗೂ ಹೆಸರು. ಇನ್ನೊಂದು ಕಡೆ ಲಕ್ಷಗಳ ಲೆಕ್ಕವೇ ಅನಿಶ್ಚಿತ. ಯುದ್ಧದ ಪಾಠ ಈ ವ್ಯತ್ಯಾಸದಿಂದಲೇ ಆರಂಭವಾಗಬಹುದು.

ಹೆಸರಿನಲ್ಲಿಯೂ ಒಮ್ಮತವಿಲ್ಲ. ಹೊರಗಿನವರು 'ವಿಯೆಟ್ನಾಂ ಯುದ್ಧ' ಎನ್ನುವುದನ್ನು ವಿಯೆಟ್ನಾಮಿನ ಪಠ್ಯಪುಸ್ತಕಗಳು ಅಮೆರಿಕದ ವಿರುದ್ಧ ನಡೆದ ಪ್ರತಿರೋಧವೆಂದು ಕರೆಯುತ್ತವೆ. 1954ರ ಜಿನೀವಾ ಒಪ್ಪಂದವು ಆ ದೇಶವನ್ನು 17ನೆಯ ಅಕ್ಷಾಂಶದ ಬಳಿ ತಾತ್ಕಾಲಿಕವಾಗಿ ಎರಡು ಮಾಡಿತು. ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳುವ ಆಯೋಗಕ್ಕೆ ಭಾರತವೇ ಅಧ್ಯಕ್ಷಸ್ಥಾನದಲ್ಲಿತ್ತು. ಕೆನಡಾ ಮತ್ತು ಪೋಲೆಂಡ್ ಸದಸ್ಯರಾಗಿದ್ದವು. ದೇಶವನ್ನು ಒಂದುಗೂಡಿಸಲು 1956ರಲ್ಲಿ ಆಗಬೇಕಾಗಿದ್ದ ಚುನಾವಣೆ ನಡೆಯಲೇ ಇಲ್ಲ. ಒಂದು ದೇಶ ಕಮ್ಯುನಿಸ್ಟರ ಪಾಲಾದರೆ ನೆರೆಯ ದೇಶಗಳೂ ಒಂದೊಂದಾಗಿ ಉರುಳುತ್ತವೆ ಎಂಬುದು ದಕ್ಷಿಣಕ್ಕೆ ಬೆಂಬಲವಿತ್ತ ಅಮೆರಿಕದ ವಾದ. ಫ್ರೆಂಚರನ್ನು ಓಡಿಸಿದ ಹೋರಾಟವೇ ಮುಂದುವರಿದಿದೆ ಎಂಬುದು ಉತ್ತರದ ವಾದ.

ರಾಜಕೀಯ ಪರಿಣಾಮಗಳನ್ನು ಮೊದಲು ನೋಡಬಹುದು. 1964ರ ಆಗಸ್ಟ್‌ನಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ತನ್ನ ನೌಕೆಗಳ ಮೇಲೆ ಎರಡು ಬಾರಿ ದಾಳಿಯಾಯಿತೆಂದು ಅಮೆರಿಕ ಸರ್ಕಾರ ಸಾರಿತು. ಎರಡನೆಯ ದಾಳಿ ನಡೆದಿರಲೇ ಇಲ್ಲವೆಂದು ಬಹುಕಾಲದ ಬಳಿಕ ಸ್ಪಷ್ಟವಾಯಿತು. ಆದರೆ ಆ ಹೇಳಿಕೆಯನ್ನು ನಂಬಿ ಸಂಸತ್ತು ಅಧ್ಯಕ್ಷರಿಗೆ ಯುದ್ಧ ನಡೆಸುವ ವಿಶಾಲ ಅಧಿಕಾರವನ್ನು ಕೊಟ್ಟಾಗಿತ್ತು. ಸೆನೆಟ್‌ನಲ್ಲಿ ವಿರೋಧಿಸಿದವರು ಇಬ್ಬರೇ. 1969ರ ವೇಳೆಗೆ ಐದು ಲಕ್ಷಕ್ಕೂ ಮಿಕ್ಕಿ ಸೈನಿಕರು ಅಲ್ಲಿದ್ದರು. 1971ರಲ್ಲಿ ಪ್ರಕಟವಾದ 'ಪೆಂಟಗನ್ ದಾಖಲೆಗಳು', ಸರ್ಕಾರ ಜನರಿಗೆ ಹೇಳಿದ್ದು ಒಂದು, ಒಳಗೆ ತಿಳಿದಿದ್ದು ಇನ್ನೊಂದು ಎಂಬುದನ್ನು ತೋರಿಸಿದವು. ಪ್ರಕಟಣೆಯನ್ನು ತಡೆಯಬೇಕೆಂಬ ಸರ್ಕಾರದ ಕೋರಿಕೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಯುದ್ಧಕ್ಕೆ ಹೋಗಿ ಸಾಯುವ ವಯಸ್ಸಾದವನಿಗೆ ಮತ ಹಾಕುವ ವಯಸ್ಸಾಗಲಿಲ್ಲವೇ ಎಂಬ ಪ್ರಶ್ನೆ ಬಲವಾಗಿ ಎದ್ದು, ಅದೇ ವರ್ಷ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ಅಧ್ಯಕ್ಷರ ಯುದ್ಧಾಧಿಕಾರಕ್ಕೆ ಕಾನೂನಿನ ಕಡಿವಾಣವೂ ಬಿತ್ತು.

ಸಂಸ್ಕೃತಿಯ ಮೇಲಾದ ಪರಿಣಾಮವೂ ಕಡಿಮೆಯದಲ್ಲ. ದೂರದರ್ಶನದ ಮೂಲಕ ಮನೆಯ ನಡುಮನೆಗೆ ಬಂದ ಮೊದಲ ದೊಡ್ಡ ಯುದ್ಧವಿದು. ಮುಷ್ಟಿಯುದ್ಧದ ವಿಶ್ವವಿಜೇತ ಮುಹಮ್ಮದ್ ಅಲಿ 1967ರಲ್ಲಿ ಸೇನೆ ಸೇರಲು ನಿರಾಕರಿಸಿ ಪದವಿಯನ್ನು ಕಳೆದುಕೊಂಡನು. ಮಾರ್ಟಿನ್ ಲೂಥರ್ ಕಿಂಗ್ ಅದೇ ವರ್ಷ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. ದಕ್ಷಿಣ ವಿಯೆಟ್ನಾಮಿನಲ್ಲಿ ಚಿನ್ ಕೊಂಗ್ ಸೋನ್ ಎಂಬ ಕವಿಗಾಯಕನ ಶಾಂತಿಗೀತೆಗಳನ್ನು ಅಲ್ಲಿನ ಸರ್ಕಾರವೇ ನಿಷೇಧಿಸಿತು. 1975ರ ಏಪ್ರಿಲ್ 30ರಂದು ಸೈಗಾನ್ ಪತನವಾಯಿತು. ಸೋತ ಪಕ್ಷದ ಅನೇಕರು 'ಪುನರ್‌ಶಿಕ್ಷಣ'ದ ಶಿಬಿರಗಳಲ್ಲಿ ವರ್ಷಗಟ್ಟಲೆ ಸೆರೆಯಾದರು. ಲಕ್ಷಾಂತರ ಜನ ದೋಣಿ ಹತ್ತಿ ದೇಶ ಬಿಟ್ಟರು, ಹಲವರು ಕಡಲಲ್ಲೇ ಮುಳುಗಿದರು. ಕ್ಯಾಲಿಫೋರ್ನಿಯದಲ್ಲಿ ನೆಲೆಯಾದವರು ವಾರಾಂತ್ಯದ ಶಾಲೆಗಳನ್ನು ತೆರೆದು ಮಕ್ಕಳಿಗೆ ತಾಯ್ನುಡಿಯನ್ನು ಕಲಿಸಿದರು. ನಾಡಿನಿಂದ ದೂರವಾದ ನುಡಿಯನ್ನು ಶಾಲೆಯೇ ಉಳಿಸಬೇಕೆಂಬುದು ಗಡಿಯಾಚೆಯ ಕನ್ನಡ ಅಧ್ಯಾಪಕರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಇನ್ನು ಪರಿಸರ. ಶತ್ರುವಿಗೆ ಅಡಗಲು ಮರೆಯಿರಬಾರದು, ಉಣ್ಣಲು ಬೆಳೆಯಿರಬಾರದು ಎಂದು 1962ರಿಂದ 1971ರವರೆಗೆ ವಿಮಾನಗಳಿಂದ ಸಸ್ಯನಾಶಕಗಳನ್ನು ಸುರಿಯಲಾಯಿತು. ಒಟ್ಟು ಪ್ರಮಾಣ ಏಳು ಕೋಟಿ ಲೀಟರಿಗೂ ಮೀರಿದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು 'ಏಜೆಂಟ್ ಆರೆಂಜ್'. ದ್ರವದ ಬಣ್ಣಕ್ಕಾಗಿ ಅಲ್ಲ, ಪೀಪಾಯಿಗೆ ಬಳಿದ ಕಿತ್ತಳೆ ಪಟ್ಟಿಯಿಂದಾಗಿ ಆ ಹೆಸರು ಬಂತು. ಅದರ ತಯಾರಿಕೆಯಲ್ಲಿ ಬೆರೆತುಹೋಗಿದ್ದ ಡಯಾಕ್ಸಿನ್ ಎಂಬ ವಿಷ ಮಣ್ಣಿನಲ್ಲಿಯೂ ಕೆಸರಿನಲ್ಲಿಯೂ ದಶಕಗಳ ಕಾಲ ಉಳಿದು, ಮೀನು ಮತ್ತು ಬಾತುಕೋಳಿಗಳ ಮೂಲಕ ಮನುಷ್ಯರ ಮೈಸೇರಿತು. ಉಪ್ಪುನೀರಿನಲ್ಲಿ ಬೇರೂರುವ ಕಾಂಡ್ಲಾ ಕಾಡುಗಳು ಒಂದೇ ಸಿಂಪರಣೆಗೆ ಸತ್ತವು. ಈ ಪರಿಯ ನಾಶಕ್ಕೆ ಹೆಸರೇ ಇಲ್ಲದಿದ್ದಾಗ, ಸಸ್ಯವಿಜ್ಞಾನಿ ಆರ್ಥರ್ ಗಾಲ್‌ಸ್ಟನ್ 1970ರಲ್ಲಿ 'ಪರಿಸರಹತ್ಯೆ' ಎಂಬರ್ಥದ ಪದವನ್ನು ಮುಂದಿಟ್ಟರು. 1977ರಲ್ಲಿ ಜಿನೀವಾ ಒಡಂಬಡಿಕೆಗಳಿಗೆ ಸೇರಿದ ಪ್ರೋಟೋಕಾಲ್, ನಿಸರ್ಗಕ್ಕೆ ವ್ಯಾಪಕ, ದೀರ್ಘಕಾಲದ, ತೀವ್ರ ಹಾನಿ ಮಾಡುವ ಯುದ್ಧವಿಧಾನಗಳನ್ನು ನಿಷೇಧಿಸಿತು.

ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದನ್ನು ಕಂಡ ಊರುಗಳಲ್ಲಿ ಈ ಪಾಠಕ್ಕೆ ಪೀಠಿಕೆ ಬೇಕಾಗದು. ಅಲ್ಲಿನ ವಿಷ ಬೇರೆ, ಉದ್ದೇಶ ಬೇರೆ. ಅಲ್ಲಿ ಯುದ್ಧವೂ ಇರಲಿಲ್ಲ. ಎರಡನ್ನೂ ಒಂದೇ ಎನ್ನುವುದು ತಪ್ಪಾಗುತ್ತದೆ. ಆದರೆ ಆಕಾಶದಿಂದ ಸುರಿದವರ ಕೆಲಸ ಕೆಲವೇ ನಿಮಿಷದ್ದು, ನೆಲದಲ್ಲಿ ಬದುಕಿದವರ ಪಾಡು ತಲೆಮಾರಿನದು ಎಂಬ ಸತ್ಯ ಎರಡೂ ಕಡೆ ಒಂದೇ. ಅಂಥ ತರಗತಿಯಲ್ಲಿ ನೊಂದ ಮನೆಯ ಮಗುವೂ ಕುಳಿತಿರಬಹುದೆಂಬ ಎಚ್ಚರ ಅಧ್ಯಾಪಕರಿಗೆ ಅಗತ್ಯ.

ಪಾಠವನ್ನು ವಿಷಾದದಲ್ಲೇ ಮುಗಿಸಬೇಕಾಗಿಲ್ಲ. ಹೋ ಚಿ ಮಿನ್ ನಗರದ ಬಳಿಯ ಕಾನ್ ಜೋ ಎಂಬಲ್ಲಿ ಸತ್ತ ಕಾಂಡ್ಲಾ ಕಾಡನ್ನು 1978ರಿಂದ ಜನ ಕೆಸರಿಗಿಳಿದು, ಕೈಯಿಂದ ಬೀಜ ಊರಿ ಮತ್ತೆ ಬೆಳೆಸಿದರು. 2000ದಲ್ಲಿ ಯುನೆಸ್ಕೊ ಅದನ್ನು ಜೀವಗೋಳ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು. ದಾನಾಂಗ್ ವಿಮಾನನೆಲೆಯ ವಿಷಮಣ್ಣನ್ನು ಶುದ್ಧಗೊಳಿಸುವ ಕೆಲಸವನ್ನು ಹಿಂದಿನ ಶತ್ರುಗಳಿಬ್ಬರೂ ಸೇರಿ 2018ರಲ್ಲಿ ಮುಗಿಸಿದರು.

ಯಾವ ಪಕ್ಷ ಸರಿಯೆಂಬ ತೀರ್ಪನ್ನು ಮಕ್ಕಳ ಕೈಗೆ ಕೊಟ್ಟುಬಿಡುವುದು ಸುಲಭ. ಅದಕ್ಕಿಂತ ಮೂರು ಪ್ರಶ್ನೆಗಳನ್ನು ಕೊಡುವುದು ಮೇಲು: ಈ ಯುದ್ಧಕ್ಕೆ ಯಾರು ಯಾವ ಹೆಸರಿಟ್ಟರು? ಸರ್ಕಾರದ ಮಾತು ನಿಜವೆಂದು ಜನ ಹೇಗೆ ತಿಳಿಯಬೇಕಿತ್ತು? ಯುದ್ಧ ಮುಗಿದ ಮೇಲೂ ಯಾರಿಗೆ ಅದು ಮುಗಿಯಲಿಲ್ಲ? ಈ ಪ್ರಶ್ನೆಗಳನ್ನು ತಾಯ್ನುಡಿಯಲ್ಲಿ ಕೇಳಲು ಕಲಿತ ಮಗು ಮುಂದೆ ಯಾವ ಯುದ್ಧದ ಸುದ್ದಿಯನ್ನು ಓದಿದರೂ ಸುಲಭವಾಗಿ ಮೋಸಹೋಗುವುದಿಲ್ಲ.