ಪಟದೊಳಗಿನ ದೋಣಿ, ಹೊಳೆಯೊಳಗಿನ ಹರಿಗೋಲು

(ಯಾದಗಿರಿಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಯಾದಗಿರಿ, ಶಹಾಪುರ, ಸುರಪುರದ ಕಡೆ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಬಿಟ್ಟ ದೋಣಿಗಳು ಎರಡು ಬಗೆಯವು. ಒಂದು, ಖಾನಾವಳಿ, ಲಾಡ್ಜುಗಳಲ್ಲಿ ಕಾಣುವಂಥವು: ಕೇರಳದ ಹಿನ್ನೀರು, ಕಾಶ್ಮೀರದ ಶಿಕಾರಾ, ಒಮ್ಮೊಮ್ಮೆ ವೆನಿಸ್ ನಗರದ ಕಾಲುವೆಯ ದೋಣಿ. ಗೋಡೆ ಬೋಳಾಗಿ ಕಾಣಬಾರದೆಂದು ಹಾಕಿದ ಚಿತ್ರಗಳು ಅವು. ಇನ್ನೊಂದು ಬಗೆಯದು ಪೂಜೆಗೊಳ್ಳುವ ಪಟ. ನಿಜಶರಣ ಅಂಬಿಗರ ಚೌಡಯ್ಯನವರದು. ಗಡ್ಡ, ವಿಭೂತಿ, ಕೈಯಲ್ಲಿ ಹುಟ್ಟು, ಪಕ್ಕದಲ್ಲೊಂದು ದೋಣಿ. ಕಬ್ಬಲಿಗ, ಕೋಲಿ, ಅಂಬಿಗ, ಗಂಗಾಮತ ಎಂದೆಲ್ಲ ಕರೆಸಿಕೊಳ್ಳುವ ಜನ ಈ ಭಾಗದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಜನವರಿ 21ರಂದು ಸರಕಾರಿ ಜಯಂತಿಯಾದ್ದರಿಂದ ಕಚೇರಿಗಳಲ್ಲಿಯೂ ಈ ಪಟಕ್ಕೆ ಹೂಮಾಲೆ ಬೀಳುತ್ತದೆ. ನಾನು ಇಂದು ಮಾತನಾಡಬೇಕೆಂದಿರುವುದು ಆ ಪಟದ ಮೂಲೆಯಲ್ಲಿರುವ ದೋಣಿಯನ್ನು ಕುರಿತು.

ಹನ್ನೆರಡನೆಯ ಶತಮಾನದ ಯಾವ ಶರಣರದೂ ಅವರನ್ನು ಕಣ್ಣಾರೆ ನೋಡಿ ಬರೆದ ಚಿತ್ರ ನಮಗೆ ಉಳಿದಿಲ್ಲ. ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಆರಂಭಿಸಿದ್ದು 1913ರಲ್ಲಿ. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಅಚ್ಚಾಗಿ ಬಂದದ್ದು 1923ರಲ್ಲಿ. ಉತ್ಸವ ಬಂತು, ಮಾತು ಸಿಕ್ಕಿತು. ಮೆರವಣಿಗೆಗೆ ಮುಖವೂ ಬೇಕಾಯಿತು. ಬಣ್ಣದಚ್ಚಿನ ಕಾಲದ ಚಿತ್ರಕಾರರು ಆ ಮುಖಗಳನ್ನು ಕಲ್ಪಿಸಿಕೊಟ್ಟರು. ಚೌಡಯ್ಯನವರ ಗುರುತಿಗೆ ದೋಣಿ ಬೇಕಿತ್ತು. ಚಿತ್ರಕಾರ ತಾನು ಬಲ್ಲ ದೋಣಿಯನ್ನೇ ಬರೆದ: ಉದ್ದನೆಯದು, ಹಲಗೆಯದು, ಮೂತಿ ಚೂಪಾದದ್ದು.

ಆದರೆ ನಮ್ಮ ಹೊಳೆಯ ದೋಣಿ ಅದಲ್ಲ. ನಮ್ಮದು ಹರಿಗೋಲು. ಕೆಲವರು ಅರಗೋಲು ಎಂದಾರು, ಕೆಲವರು ತೆಪ್ಪ ಎಂದಾರು. ಬಿದಿರ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ತೊಗಲನ್ನೂ ಈಚೆಗೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲವನ್ನೂ ಹೊಲಿದು ಮಾಡಿದ ದುಂಡು ದೋಣಿ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅಂಬಿಗ ಕುಳಿತ ಕಡೆಯೇ ಮುಂದು. ಹುಟ್ಟು ಮೋಟು, ಎದುರಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಹೋಗಬೇಕು. ತಪ್ಪಿದರೆ ಹರಿಗೋಲು ಇದ್ದಲ್ಲೇ ಗಿರಗಿರನೆ ತಿರುಗುತ್ತದೆ.

ಈ ಆಕಾರ ಬಡತನದಿಂದ ಹುಟ್ಟಿದ್ದೆಂದು ತಿಳಿಯಬೇಡಿ. ಕೃಷ್ಣೆ, ತುಂಗಭದ್ರೆಗಳ ಪಾತ್ರದ ತುಂಬ ಬಂಡೆ. ಬೇಸಿಗೆಯಲ್ಲಿ ಮೊಣಕಾಲುದ್ದದ ನೀರು, ಮಳೆಗಾಲದಲ್ಲಿ ಕಟ್ಟೊಡೆದ ಸೆಳವು. ಕೆಳಗೆ ಬೆನ್ನುಹಲಗೆಯಿರುವ ದೋಣಿ ಇಲ್ಲಿ ಬಂಡೆಗೆ ಬಡಿದು ಸೀಳಿಹೋದೀತು. ಹರಿಗೋಲಿಗೆ ಗೇಣುದ್ದ ನೀರಿದ್ದರೂ ಸಾಕು. ಕಲ್ಲಿಗೆ ತಾಗಿದರೆ ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ಪ್ರವಾಹದಲ್ಲಿ ನೇರವಾಗಿ ದಾಟುವುದು ಆಗದ ಮಾತು. ಮೇಲಿನ ಕಟ್ಟೆಯಲ್ಲಿ ಬಿಟ್ಟ ಹರಿಗೋಲು ಓರೆಯಾಗಿ ತೇಲಿ ಆಚೆ ದಡದಲ್ಲಿ ಬಹಳ ಕೆಳಗೆ ಹತ್ತುತ್ತದೆ. ಆಗ ಚಿಕ್ಕ ಹರಿಗೋಲಾದರೆ ಅಂಬಿಗ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಡದಗುಂಟ ಮತ್ತೆ ಮೇಲಕ್ಕೆ ನಡೆಯುತ್ತಾನೆ. ಹಲಗೆಯ ದೋಣಿಯನ್ನು ಹೊತ್ತು ನಡೆಯಲಾದೀತೆ?

ಇದರ ಹಳಮೆಗೆ ಸಾಕ್ಷಿಯೂ ಉಂಟು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ ಡೊಮಿಂಗೊ ಪಯಸ್, ಅಲ್ಲಿ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ನದಿ ದಾಟುತ್ತಾರೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಹೋಗುವಾಗ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ದೂರದ ಯೂಫ್ರಟಿಸ್ ನದಿಯ ಇಂಥವೇ ತೊಗಲಿನ ದೋಣಿಗಳನ್ನು ಗ್ರೀಕರ ಹೆರೊಡೊಟಸ್ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲೇ ವರ್ಣಿಸಿದ್ದ. ಪಯಸ್ ಕಂಡದ್ದು ತುಂಗಭದ್ರೆಯನ್ನು. ಚೌಡಯ್ಯನವರ ಹೆಸರು ಹೊತ್ತ ಚೌಡಯ್ಯದಾನಪುರ ಇರುವುದೂ ಅದೇ ತುಂಗಭದ್ರೆಯ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಆ ಶರಣರು ನಡೆಸಿದ್ದು ಹರಿಗೋಲೇ ಎಂದು ಶಾಸನ ತೋರಿಸಿ ಸಾಧಿಸಲು ನಾನು ಹೊರಟಿಲ್ಲ. ಆದರೆ ಅದೇ ಹೊಳೆ, ಅದೇ ಬಂಡೆ. ಹರಿಗೋಲೇ ಇದ್ದಿರಬೇಕೆಂಬುದು ನನ್ನ ಎಣಿಕೆ.

ಇಷ್ಟಕ್ಕೆ ಯಾಕಿಷ್ಟು ಗದ್ದಲ, ಪಟದಲ್ಲಿ ಯಾವ ದೋಣಿಯಿದ್ದರೇನು ಎಂದು ನೀವು ಕೇಳಬಹುದು. ಬೇರೆ ಶರಣರ ವಿಷಯದಲ್ಲಾದರೆ ನಾನೂ ಸುಮ್ಮನಿರುತ್ತಿದ್ದೆ. ಶರಣರಲ್ಲಿ ಹೆಚ್ಚಿನವರು ವಚನದ ಕೊನೆಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರು. ಚೌಡಯ್ಯನವರು ಇಟ್ಟದ್ದು ತಮ್ಮದೇ ಹೆಸರನ್ನು, ಅದರೊಂದಿಗೆ ತಮ್ಮ ಕಾಯಕವನ್ನು. ಎಂಥ ನಿಷ್ಠುರ ಮಾತಿನ ಕೊನೆಗೂ ಅಂಬಿಗ ಎಂದು ರುಜು ಹಾಕಿದವರ ಕೈಗೆ ಬೇರೆಯವರ ದೋಣಿ ಕೊಡುವುದು, ಕುಂಬಾರ ಗುಂಡಯ್ಯನ ಮುಂದೆ ಪಿಂಗಾಣಿ ಕಪ್ಪು ಇಟ್ಟಂತೆ.

ಇನ್ನೊಂದು ಕಾರಣವಿದೆ, ಅದು ಹೆಚ್ಚು ನೋವಿನದು. ಹರಿಗೋಲು ನಮ್ಮ ಕಣ್ಣೆದುರೇ ಕಡಿಮೆಯಾಗುತ್ತ ಬಂದಿದೆ. ಬೊಂಬಾಯಿ-ಮದ್ರಾಸು ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗಲೇ ಕೃಷ್ಣೆಗೆ ಸೇತುವೆಯಾಯಿತು. ಆಮೇಲೆ ರಸ್ತೆಯ ಸೇತುವೆಗಳು ಬಂದವು. 1982ರಲ್ಲಿ ನಾರಾಯಣಪುರದ ಬಸವಸಾಗರ ಮುಗಿದು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಜೋಳದ ನೆಲದಲ್ಲಿ ಭತ್ತ ನಿಂತಿತು. ಇದನ್ನು ನಾನು ಅಲ್ಲಗಳೆಯುತ್ತಿಲ್ಲ, ಸೇತುವೆ ಬೇಡವೆನ್ನುವವನು ದಡದಲ್ಲಿ ಬಾಣಂತಿಯನ್ನು ಮಲಗಿಸಿಕೊಂಡು ಕಾದವನಲ್ಲ. ಸುರಪುರದ ಭಾಗದ ನೀಲಕಂಠರಾಯನ ಗಡ್ಡಿ ಕೃಷ್ಣೆಯ ನಡುವಿನ ಊರು. 2014ರ ಮಳೆಗಾಲದಲ್ಲಿ ಆಸ್ಪತ್ರೆ ಸೇರಲು ತುಂಬು ಗರ್ಭಿಣಿಯೊಬ್ಬರು ಅಲ್ಲಿಂದ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ನೆರವಿನಿಂದ ಈಜಿ ದಡ ಸೇರಿದ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹರಿಗೋಲೂ ಇಳಿಯಲಾರದ ಸೆಳವು ಎಂಥದೆಂದು ಊಹಿಸಿ.

ಕಾಲುವೆ ಬಂತು ನಿಜ, ಕಾಲುವೆಯಲ್ಲಿ ಅಂಬಿಗನಿಗೆ ಕೆಲಸವಿಲ್ಲ. ಅದು ಗದ್ದೆಗೆ ನೀರು ಹಾಯಿಸಲು ಕಟ್ಟಿದ್ದು. ಹುಟ್ಟು ಹಿಡಿದ ಮನೆತನಗಳ ಮಕ್ಕಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದರು, ಓದಿದವರು ನೌಕರಿ ಹಿಡಿದರು. ಅಂಥ ಮನೆಯ ಹುಡುಗನಿಗೆ ಅಜ್ಜನ ಕಸುಬು ತಿಳಿಯಲು ಉಳಿದಿರುವುದು ಗೋಡೆಯ ಮೇಲಿನ ಆ ಪಟವೊಂದೇ. ಅದರಲ್ಲಿ ಅವನಜ್ಜ ಎಂದೂ ಹತ್ತದ ದೋಣಿಯಿದೆ.

ಸುರಪುರಕ್ಕೆ ಚಿತ್ರಕಲೆ ಹೊಸದಲ್ಲ. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸುರಪುರ ಶೈಲಿಯ ಚಿತ್ರಗಳು ಹೆಸರುವಾಸಿ. ದೇವಾದಿದೇವತೆಗಳು, ಸೂಕ್ಷ್ಮ ಗೆರೆ, ಚಿನ್ನದ ಹೊಳಪು. ಅರಮನೆಗೂ ದೇವರಮನೆಗೂ ಬರೆದ ಆ ಕೈಗಳಿಗೆ ಹೊಳೆಯ ಕಟ್ಟೆಯ ಅಂಬಿಗನನ್ನು ಬರೆಯಿರೆಂದು ಹೇಳುವವರು ಆಗ ಇರಲಿಲ್ಲ. ಈಗ ಹೇಳಬಹುದು. ಸಮಾಜದ ಸಂಘಗಳು ಪಟ ಬರೆಸುವಾಗ ಚಿತ್ರಕಾರನನ್ನು ಹೊಳೆದಂಡೆಗೆ ಕರೆದೊಯ್ಯಲಿ. ಹರಿಗೋಲು ಹೆಣೆಯಬಲ್ಲ ಮುದುಕರೊಬ್ಬರು ಸಿಕ್ಕರೆ ಅವರನ್ನೂ ಕೂಡಿಸಿಕೊಳ್ಳಲಿ; ಹೆಣಿಗೆಯ ಲೆಕ್ಕ ಅವರ ಬೆರಳಲ್ಲಿದೆ, ಪುಸ್ತಕದಲ್ಲಿಲ್ಲ.

ಹಂಪಿಯಲ್ಲಿ ಈಗ ಹರಿಗೋಲು ಹತ್ತುವವರು ಬಹುಪಾಲು ಪ್ರವಾಸಿಗಳು. ಒಂದು ಸುತ್ತು ಸುತ್ತಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕೆಲವರು ಅದಕ್ಕೆ ಕಟ್ಟು ಹಾಕಿಸಿ ತಮ್ಮ ಮನೆಯ ನಡುಗೋಡೆಗೆ ತೂಗುಹಾಕಿದ್ದನ್ನು ನಾನು ನೋಡಿದ್ದೇನೆ. ಬೆಂಗಳೂರಿನಲ್ಲಿ.