ಹಳೆಯ ಕಾರಿನ ಹೊಗೆ ಮತ್ತು ಒಂದು ರಬ್ಬರ್ ಕೊಳವೆ

ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವುದಾದರೂ ಗ್ಯಾರೇಜಿನಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರ್ ಕಂಡರೆ ಬಾನೆಟ್ಟಿನೊಳಗೆ ಇಣುಕಿ ನೋಡಿ. ಇಂಜಿನ್ನಿನ ಮೇಲ್ಮುಚ್ಚಳದಿಂದ ಏರ್ ಫಿಲ್ಟರಿಗೆ ರಬ್ಬರ್ ಕೊಳವೆಯೊಂದು ಹೋಗಿರುತ್ತದೆ. ಪಿಸ್ಟನ್ನಿನ ಸಂದಿನಿಂದ ಕೆಳಗೆ ನುಸುಳುವ, ಪೂರ್ತಿ ಉರಿಯದ ಅನಿಲವನ್ನು ಅದು ಮರಳಿ ಉರಿಯಲು ಕಳಿಸುತ್ತದೆ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಮೂಲ ಬಿಡಿಭಾಗ ಸುಲಭವಾಗಿ ಸಿಗದು. ಹಾಗೆಂದು, ಕೊಳವೆ ಬಿರಿದಾಗ ಅದರ ಬಾಯಿ ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ ಸೀಲುಗಳಿಂದ ಎಣ್ಣೆ ಸೋರುತ್ತದೆ. ತೆರೆದೇ ಬಿಟ್ಟರೆ ಆ ಅನಿಲ ನಮ್ಮ ಉಸಿರಿಗೆ ಸೇರುತ್ತದೆ. ಅದೇ ಒಳಅಳತೆಯ, ಎಣ್ಣೆ ಮತ್ತು ಶಾಖ ತಡೆಯುವ ಕೊಳವೆ ತಂದು ಕ್ಲಿಪ್ಪು ಬಿಗಿಯಬೇಕು. ನೀರಿನ ಪೈಪು ಕೆಲಸಕ್ಕೆ ಬಾರದು. ಬಳಿಕ ಹೊಗೆ ತಪಾಸಣೆ ಮಾಡಿಸಬೇಕು. ಒಂದು ಭಾಗದ ಕೆಲಸ ತಿಳಿದವರಿಗೆ ಅದರ ಬದಲಿಯೂ ಹೊಳೆಯುತ್ತದೆ.